ಚಿಕ್ಕಮ್ಮನ ಎದೆಯ ಸದ್ದು

ವಿಶ್ವವಿದ್ಯಾಲಯದ ಆ ದೊಡ್ಡ ಆಸ್ಪತ್ರೆಯಲ್ಲಿ ನಮ್ಮ ಚಿಕ್ಕಮ್ಮನ ಮುಖಕ್ಕಿಂತ ಎದೆಯನ್ನು ಬಲ್ಲವರೇ ಹೆಚ್ಚು. ಕಾಲೇಜು ಓದಲು ಊರಿಂದ ಬಂದು ಅವಳ ಮನೆಯಲ್ಲಿ ಉಳಿದ ನನಗೆ ಮೊದಮೊದಲು ಇದು ತಿಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಯಾರೋ ಅಪರಿಚಿತ ಡಾಕ್ಟರು ಎದ್ದು ಜಾಗ ಬಿಟ್ಟುಕೊಟ್ಟು, "ನಾನು ಪಾಸಾಗಿದ್ದೇ ನಿಮ್ಮಿಂದ" ಅನ್ನುತ್ತಿದ್ದರು. ಚಿಕ್ಕಮ್ಮ ದೊಡ್ಡಸ್ತಿಕೆಯಿಂದ ತಲೆಯಾಡಿಸಿ ಕೂರುತ್ತಿದ್ದಳು.

ಅವಳ ಹೃದಯದ ಕವಾಟವೊಂದು ಪೂರ್ತಿ ತೆರೆಯುತ್ತಿರಲಿಲ್ಲ. ಆ ಇಕ್ಕಟ್ಟಿನಲ್ಲಿ ರಕ್ತ ನುಗ್ಗುವಾಗ ಒರಟು ಸದ್ದೊಂದು ಏಳುತ್ತಿತ್ತು. ಮೊದಲ ಸಲ ಅದನ್ನು ಕೇಳಿದಾಗ ದೊಡ್ಡ ಡಾಕ್ಟರ ಮುಖ ಅರಳಿತಂತೆ. ಮಾರನೆಯ ದಿನ ವಿದ್ಯಾರ್ಥಿಗಳ ಹಿಂಡನ್ನೇ ಕರೆತಂದು, "ಪುಸ್ತಕದಲ್ಲಿ ಓದಿದ್ದೀರಲ್ಲ, ಅದು ಇಲ್ಲಿ ಕೂತಿದೆ ನೋಡಿ" ಅಂದರು. ಅಲ್ಲಿಂದ ಚಿಕ್ಕಮ್ಮ ಪರೀಕ್ಷೆಯ ರೋಗಿಯಾದಳು. ಪ್ರತಿ ಪರೀಕ್ಷೆಗೂ ಆಸ್ಪತ್ರೆಯಿಂದ ಫೋನು ಬರುತ್ತಿತ್ತು. ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ, ಪರದೆ ಎಳೆದ ಮಂಚದ ಮೇಲೆ ಕೂರುತ್ತಿದ್ದಳು. ವಿದ್ಯಾರ್ಥಿ ಬಂದು ಎದೆಗೆ ಸ್ಟೆತಾಸ್ಕೋಪು ಒತ್ತಿ, ರೋಗ ಯಾವುದೆಂದು ಪರೀಕ್ಷಕರಿಗೆ ಹೇಳಬೇಕು. ರೋಗಿ ಮಾತ್ರ ಬಾಯಿ ಬಿಡುವಂತಿಲ್ಲ.

ಹಿಂದಿನ ದಿನವೇ ಬಿಸ್ಕತ್ತಿನ ಪೊಟ್ಟಣ ಹಿಡಿದು, ಹಲ್ಲುಗಿಂಜುತ್ತ ಮನೆಗೆ ಬರುವವರಿದ್ದರು. ನಾನು ಕರೆಯುವುದನ್ನು ಕೇಳಿ ಅವರಿಗೂ ಅವಳು ಚಿಕ್ಕಮ್ಮನೇ.

"ಚಿಕ್ಕಮ್ಮ, ನಿಮಗೇನು ಕಾಯಿಲೆ ಅಂತ ಒಂದೇ ಒಂದು ಮಾತು ಹೇಳಿಬಿಡಿ."

"ಅದು ಗೊತ್ತಿದ್ರೆ ನಾನ್ಯಾಕಪ್ಪ ಆಸ್ಪತ್ರೆಗೆ ಬರ್ಲಿ? ಬಿಸ್ಕತ್ತು ಇಟ್ಟು ಹೋಗು."

ಮನೆ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಚಪ್ಪಲಿ ಅಂಗಡಿಗಳಿಗೆ ರಟ್ಟಿನ ಪೆಟ್ಟಿಗೆ ಮಡಚಿ ಕೊಡುವುದು ಅವಳ ಕೆಲಸ. ಸೂರಿನವರೆಗೂ ಪೆಟ್ಟಿಗೆ ಪೇರಿಸಿ, ನಾವು ಸಂದಿಯಲ್ಲಿ ಓಡಾಡುತ್ತಿದ್ದೆವು. ಬೆರಳ ತುದಿ ಸವೆಯುವಷ್ಟು ಮಡಚಿದರೂ ಚೆನ್ನಾಗಿದೆ ಅಂದವರು ಒಬ್ಬರೂ ಇಲ್ಲ. ಆಸ್ಪತ್ರೆಯಲ್ಲಾದರೆ ಹೊರ ಊರಿನ ಪರೀಕ್ಷಕರೂ ಅವಳ ಎದೆಗೆ ಕಿವಿಗೊಟ್ಟು ತಲೆದೂಗುತ್ತಿದ್ದರು.

ಆಪರೇಶನ್ ಮಾಡಿ ಕವಾಟ ಬದಲಿಸಿದರೆ ಅಪಾಯವೂ ಹೋಗುತ್ತದೆ, ಸದ್ದೂ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು. ಆಗ ಅವಳಿಗೆ ಕತ್ತರಿಯ ಭಯ. ಭಯ ಕಳೆದ ಮೇಲೆ, "ಈ ಪರೀಕ್ಷೆ ಒಂದು ಮುಗೀಲಿ" ಎಂಬ ಮಾತು ಶುರುವಾಯಿತು. ಆಸ್ಪತ್ರೆಯವರೂ ಹೆಚ್ಚು ಒತ್ತಾಯಿಸಲಿಲ್ಲ. ನೆಲಕ್ಕೆ ಟೈಲ್ಸ್ ಕೂರಿಸುವ ಚಿಕ್ಕಪ್ಪ ಮಾತ್ರ ಬಿಡುತ್ತಿರಲಿಲ್ಲ.

"ನಿನ್ನ ಎದೇಲೇನು ಬ್ಯಾಂಡ್ ಸೆಟ್ ಇದೆಯಾ, ಊರೋರೆಲ್ಲ ಬಂದು ಕೇಳೋಕೆ? ಸುಮ್ನೆ ಮಾಡಿಸ್ಕೊ."

"ಮಾಡಿಸ್ಕೊಂಡ್ರೆ ಆಮೇಲೆ ನನ್ನ ಯಾರು ಕರೀತಾರೆ?"

"ನಾನು ಕರೀತೀನಲ್ಲ."

"ನೀವು ಕರೆಯೋದು ಕಾಫಿಗೆ."

ಕೊನೆಗೆ ಚಿಕ್ಕಪ್ಪನೂ ನಾನೂ ಹಟ ಹಿಡಿದು ಆಪರೇಶನ್ನಿಗೆ ದಿನ ಗೊತ್ತು ಮಾಡಿಸಿದೆವು. ಅದಕ್ಕೆ ಮುಂಚಿನ ವಾರ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳು ಅವಳ ಬಳಿ ಅಭ್ಯಾಸಕ್ಕೆ ಬಂದಿದ್ದರು. ಅವರಲ್ಲಿ ಸದಾ ಮೂಗಿನಿಂದ ಕನ್ನಡಕ ಜಾರಿಸಿಕೊಳ್ಳುವ ಒಬ್ಬನಿದ್ದ. ಚಿಕ್ಕಮ್ಮ ಅವನನ್ನು 'ಕನ್ನಡಕ' ಎಂದೇ ಕರೆಯುತ್ತಿದ್ದಳು. ಅವನು ಎದೆಯ ಮೇಲೆಲ್ಲ ಹುಡುಕಾಡಿ, "ಈ ಸಲ ಸದ್ದು ಕಡಿಮೆ ಆದಂಗಿದೆ ಅಲ್ವಾ ಚಿಕ್ಕಮ್ಮ?" ಅಂದನಂತೆ.

ಅವತ್ತು ಅವಳು ಮನೆಗೆ ಬಂದಾಗ ಹಬ್ಬದ ಮುಖ.

"ಮಾತ್ರೆ ಹಿಡಿದಿದೆ ಕಣ್ರೀ. ಸದ್ದು ಇಳಿದಿದೆ."

ಸದ್ದೇ ರೋಗ, ಸದ್ದು ಇಳಿದರೆ ರೋಗವೂ ಇಳಿದಂತೆ. ಅಷ್ಟು ವರ್ಷ ಡಾಕ್ಟರುಗಳ ನಡುವೆ ಕೂತು ಅವಳು ತಿಳಿದುಕೊಂಡದ್ದು ಅಷ್ಟು. ನಮಗೆ ಅಷ್ಟೂ ತಿಳಿದಿರಲಿಲ್ಲ. ಚಿಕ್ಕಪ್ಪನ ಮುಖದ ಬಿಗಿಯೂ ಸಡಿಲಾಯಿತು. ಆಪರೇಶನ್ ದಿನ ಅವಳು ಮನೆಯಲ್ಲೇ ಕೂತು ಪೆಟ್ಟಿಗೆ ಮಡಚಿದಳು. ಆಸ್ಪತ್ರೆಯಿಂದ ಫೋನು ಬಂದಾಗ, "ಕಡಿಮೆ ಆಗ್ತಾ ಇದೆ, ಆಮೇಲೆ ಬರ್ತೀನಿ" ಅಂದಳು. ಅವರು ಆ ಹಾಸಿಗೆಯನ್ನು ಇನ್ನೊಬ್ಬರಿಗೆ ಕೊಟ್ಟರು.

ಆಮೇಲಿನ ದಿನಗಳಲ್ಲಿ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಸೈಕಲ್ ಅಂಗಡಿಯವನೊಡನೆ ಹರಟುತ್ತಿದ್ದಳು. ಉಸಿರಿಗಾಗಿ ನಿಲ್ಲುತ್ತಾಳೆಂದು ನಮಗೆ ಹೊಳೆಯಲಿಲ್ಲ. ಚಪ್ಪಲಿ ಬಿಗಿಯಾದರೆ ಚಪ್ಪಲಿಯನ್ನೇ ಬೈದಳು. ಮಲಗಲು ಒಂದು ದಿಂಬು ಸಾಲದೆ ನನ್ನದನ್ನೂ ತೆಗೆದುಕೊಂಡಳು.

ಪರೀಕ್ಷೆಯ ದಿನ ನಾನೇ ಜೊತೆಗೆ ಹೋದೆ. ಅವಳ ಮಂಚಕ್ಕೆ ಕನ್ನಡಕನ ಸರದಿಯೇ ಬಂತು. ಅವನು ಬಹಳ ಹೊತ್ತು ಕೇಳಿದ. ಹಣೆಯಲ್ಲಿ ಬೆವರು ಕಾಣಿಸಿತು.

"ಸದ್ದು ತುಂಬಾ ಮೆತ್ತಗಿದೆ ಸರ್. ಕೇಳಿಸ್ತಾನೇ ಇಲ್ಲ ಅನ್ನಬಹುದು."

ಹಿಂದೆಯೂ ಒಮ್ಮೆ ಬಂದಿದ್ದ ಹೊರ ಊರಿನ ಪರೀಕ್ಷಕರು ನಕ್ಕರು. "ಓಣಿ ಆ ಕಡೆಗೂ ಕೇಳಿಸೋ ಸದ್ದು ನಿಮಗೆ ಕೇಳಿಸ್ಲಿಲ್ವಾ?"

ಹುಡುಗನ ಮುಖ ಸಪ್ಪಗಾಯಿತು. ಯಾವತ್ತೂ ಬಾಯಿ ಬಿಡದ ಚಿಕ್ಕಮ್ಮ ತಡೆಯದೆ ಹೇಳಿಬಿಟ್ಟಳು. "ಇದೆ ಕಣಪ್ಪ, ಇನ್ನೊಂಚೂರು ಮೇಲೆ ಒತ್ತು. ಹುಡುಗ ಹೆದರಿದಾನೆ ಸರ್, ಇನ್ನೊಂದ್ಸಲ ಬಿಡಿ." ಸದ್ದು ಚೆನ್ನಾಗಿ ಕೇಳಲೆಂದು ಎಂದಿನಂತೆ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದಳು. ಬಾಗಿದವಳಿಗೆ ಏಳಲಾಗಲಿಲ್ಲ. ಮಂಚದ ಅಂಚು ಹಿಡಿದು ಏದುಸಿರು ಬಿಟ್ಟಳು.

ದೊಡ್ಡ ಡಾಕ್ಟರನ್ನು ಕರೆಸಿದರು. ಕಾಲೇಜಿನ ಮುಖ್ಯಸ್ಥರಾದ ಮೇಲೆ ಅವರು ವಾರ್ಡಿನ ಕಡೆ ಬರುವುದೇ ಅಪರೂಪವಾಗಿತ್ತು. ಎದೆಗೆ ಕಿವಿಗೊಟ್ಟರು, ಕತ್ತಿನ ನಾಡಿ ಹಿಡಿದರು, ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಗುಳಿ ಹಾಗೆಯೇ ಉಳಿಯಿತು.

"ನೀವು ಸರಿಯಾಗೇ ಹೇಳಿದ್ರಿ" ಎಂದು ಹುಡುಗನನ್ನು ಕಳಿಸಿದರು.

"ಹಾಗಾದ್ರೆ ನನಗೆ ವಾಸಿ ಆಯ್ತಾ ಸರ್?" ಚಿಕ್ಕಮ್ಮ ಕೇಳಿದಳು.

ಅವರು ಮಂಚದ ಮೇಲೆ ಕೂತರು. "ಇಕ್ಕಟ್ಟು ಹಾಗೇ ಇದೆ ಅಮ್ಮ. ರಕ್ತ ನುಗ್ಗಿಸೋ ಶಕ್ತಿ ಹೃದಯಕ್ಕೆ ಉಳಿದಿಲ್ಲ. ಅದಕ್ಕೇ ಸದ್ದಿಲ್ಲ."

ಹೊರಗೆ ಬಂದು ಡಾಕ್ಟರು ನನ್ನ ಮುಖ ನೋಡದೆ, "ನಾವೂ ಗಟ್ಟಿಯಾಗಿ ಹೇಳಬೇಕಿತ್ತು" ಅಂದರು. ಶಸ್ತ್ರವೈದ್ಯರು ಸೇರಿ ಮಾತಾಡಿದರು. ಈಗ ಎದೆ ತೆರೆದರೆ ಮೇಜಿನಿಂದ ಏಳುವುದು ಕಷ್ಟ ಎಂದರು.

ಅವಳನ್ನು ವಾರ್ಡಿನಲ್ಲೇ ಇಟ್ಟುಕೊಂಡರು. ವಿದ್ಯಾರ್ಥಿಗಳು ತೊಂದರೆ ಕೊಡಬಾರದೆಂದು ತಲೆಯ ಬಳಿ ಚೀಟಿ ಅಂಟಿಸಿದರು. ಪಾಠದ ಗುಂಪು ಬೂಟು ಸಪ್ಪಳ ಮಾಡುತ್ತ ಬಂದು, ಅವಳನ್ನು ದಾಟಿ ಹೋಗುತ್ತಿತ್ತು.

"ನನ್ನ ಮಂಚಕ್ಕೇನು ಮುಳ್ಳಿದೆಯಾ?" ಎಂದು ಸಿಸ್ಟರನ್ನು ಕೇಳಿದಳು. ಸಿಸ್ಟರು ಹೊದಿಕೆ ಸರಿಮಾಡಿ ಹೋದರು. ಚಿಕ್ಕಪ್ಪ ದಿನವೂ ಸಿಮೆಂಟಿನ ಕೈಯಲ್ಲೇ ಬಂದು ಕಾಲ ಬಳಿ ಕೂರುತ್ತಿದ್ದರು. ಅವರ ತಮಾಷೆಯೆಲ್ಲ ಬತ್ತಿಹೋಗಿತ್ತು.

ಒಂದು ಮಧ್ಯಾಹ್ನ ಪಕ್ಕದ ಮಂಚಕ್ಕೆ ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬಂದಳು. ಪರದೆಯ ಆಚೆ ಗುಂಪು ನೆರೆಯಿತು. ಕಿರಿಯ ಡಾಕ್ಟರೊಬ್ಬರ ದನಿ ಕೇಳಿಸಿತು. "ಪುಸ್ತಕದಲ್ಲಿ ಓದಿದ್ದೀರಲ್ಲ, ಅದು ಇಲ್ಲಿ ಕೂತಿದೆ ನೋಡಿ." ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು.

ಗುಂಪು ಹೋದ ಮೇಲೆ ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದಳು. "ಹೋಗಿ ಅವಳಿಗೆ ಹೇಳು. ಆಪರೇಶನ್‌ಗೆ ದಿನ ಕೊಟ್ರೆ ಹೋಗಿಬಿಡು ಅಂತ. ಪರೀಕ್ಷೆ ಗಿರೀಕ್ಷೆ ಅಂತ ಕೂರಬೇಡ ಅಂತ."

"ನೀನೇ ಹೇಳು, ಕರೀತೀನಿ."

"ನನ್ನ ನೋಡಿದ್ರೆ ಹೆದರ್ತಾಳೆ. ನೀನು ಹೋಗು."

ಪರದೆ ಸರಿಸಿ ಹೋದೆ. ಹುಡುಗಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಕೆನ್ನೆ ಇನ್ನೂ ನಗುತ್ತಿತ್ತು.

"ಅಕ್ಕ, ಮುಂದಿನ ಪರೀಕ್ಷೆಗೆ ನನ್ನನ್ನೇ ಕರೀತಾರಂತೆ. ಇಷ್ಟು ಒಳ್ಳೆ ಸದ್ದು ಸಿಗೋದೇ ಇಲ್ವಂತೆ."

ನಾನು ಅವಳ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು. "ಆಪರೇಶನ್ ಆದ್ಮೇಲೆ ಸದ್ದು ಇರೋದೇ ಇಲ್ವಾ ಅಕ್ಕ?"

"ಇರೋದಿಲ್ಲ" ಅಂದೆ.

ಅವಳ ಬೆರಳು ಕೊನೆಯ ಗುಂಡಿಯ ಮೇಲೆ ಹಾಗೆಯೇ ನಿಂತಿತು.