ನೀರಿನ ಮೇಲೆ ಒಂದು ಗೇಣು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೊಂಟಮಟ್ಟದ ನೀರಿನಲ್ಲಿ ನಿಂತ ಆಕೆ ಒಂದು ಹಿಡಿ ಜೊಂಡನ್ನು ಎಡತೋಳಿಗೆ ಒರಗಿಸಿಕೊಂಡು, ನೀರಿನಿಂದ ಮೇಲಕ್ಕೆ ಒಂದು ಗೇಣು ಅಳೆದು, ಅಲ್ಲಿಗೆ ಕುಡುಗೋಲು ಹಾಕುತ್ತಾರೆ. ಹಿಂದೆ ದೋಣಿಯಲ್ಲಿ ಕಟ್ಟು ಬಿಗಿಯುತ್ತಿರುವ ನಾದಿನಿಗೆ ತಾಳ್ಮೆ ಕಡಿಮೆ.

"ಏನತ್ತಿಗೆ, ಜೊಂಡಿಗೆ ಅಂಗಿ ಹೊಲಿಸ್ತೀರಾ? ಅಳತೆ ಮುಗೀತಾ?"

"ನಿನ್ನ ಬಾಯಿಗಿರೋ ಚುರುಕು ಕೈಗೂ ಇರ್ಲಿ."

ಕಣ್ಣು ಹಾಯಿಸಿದಷ್ಟೂ ನೀರು, ಜೊಂಡು, ಹಕ್ಕಿ. ಈ ಜೌಗುನೆಲ ಸಂರಕ್ಷಿತ ಪ್ರದೇಶವಾಗುವ ಮೊದಲಿನಿಂದಲೂ ದಂಡೆಯ ನಲವತ್ತು ಮನೆಗಳಿಗೆ ಜೊಂಡಿನ ಚಾಪೆಯೇ ಅನ್ನ. ಐದು ವರ್ಷದ ಹಿಂದೆ ಅರಣ್ಯ ಇಲಾಖೆ ಕೊಯ್ಲು ನಿಲ್ಲಿಸಿತು. ತಪ್ಪು ಯಾರದೆಂದು ಕೇಳಿದರೆ ಆಕೆ ಬೇರೆ ಯಾರತ್ತಲೂ ಬೆರಳು ತೋರಿಸುವುದಿಲ್ಲ.

"ನಮ್ದೇ. ದಂಟು ಉದ್ದ ಇದ್ರೆ ಚಾಪೆ ಅಗಲ ಬರುತ್ತೆ ಅಂತ ನೀರೊಳಗೆ ಕೈ ಹಾಕಿ ಬುಡಕ್ಕೇ ಕೊಯ್ದ್ವಿ. ಮೋಟು ಮುಳುಗಿದ್ರೆ ಬೇರಿಗೆ ಉಸಿರಿಲ್ಲ, ಕೊಳೆತು ಹೋಗುತ್ತೆ. ನಾನೂ ಕೊಯ್ದೋಳೇ. ಮಾರನೇ ವರ್ಷ ಅಲ್ಲಿ ಬರೀ ನೀರು. ಗೂಡು ಕಟ್ಟೋಕೆ ಬಂದ ನೀರುಕೋಳಿ ಸುತ್ತಿ ಸುತ್ತಿ ಹೊರಟುಹೋದ್ವು."

ಎರಡು ವರ್ಷ ಕಚೇರಿಗೆ ಅಲೆದು, ಬಾಗಿಲಲ್ಲಿ ಬೈಸಿಕೊಂಡು, ಆಕೆ ಪರೀಕ್ಷೆಗೆಂದು ಒಂದು ಎಕರೆ ಪಡೆದಿದ್ದಾರೆ. ಮರಿಗಳು ಹಾರಿದ ಮೇಲಷ್ಟೇ ಕೊಯ್ಲು. ಒಂದು ಕಾಲಕ್ಕೆ ದಿನಕ್ಕೆ ಅರವತ್ತು ಕಟ್ಟು ಹಾಕುತ್ತಿದ್ದ ಕೈ ಈಗ ಇಪ್ಪತ್ತಕ್ಕೆ ನಿಲ್ಲುತ್ತದೆ. ಜಾಗ ಮತ್ತೆ ಚಿಗುರಿದರೆ ನಲವತ್ತೂ ಮನೆಗೆ ಅನುಮತಿ. ಇಲ್ಲವೆಂದರೆ ಯಾರಿಗೂ ಇಲ್ಲ, ಎಂದೆಂದಿಗೂ.

ಬಿಸಿಲು ಏರುವ ಹೊತ್ತಿಗೆ ಆಕೆ ಹಿಂದಿನ ವಾರ ಕೊಯ್ದ ಕಡೆ ಹೋಗಿ ನೋಡುತ್ತಾರೆ. ಮೇಲೆಲ್ಲೋ ಮಳೆಯಾಗಿ ನೀರು ಏರಿದೆ. ಮೋಟುಗಳು ಎರಡೇ ಬೆರಳು ಹೊರಗಿವೆ. ಆಕೆ ಹಿಂದಿರುಗಿ, ನೀರಿನ ಮೇಲೆ ಗೇಣಿನ ಬದಲು ಒಂದು ಮೊಳ ಅಳೆದು ಕೊಯ್ಯತೊಡಗುತ್ತಾರೆ.

"ಇಷ್ಟು ಗಿಡ್ಡ ದಂಟಲ್ಲಿ ಮಗು ಮಲಗೋ ಚಾಪೆ ಆದೀತು, ಅಷ್ಟೇ," ನಾದಿನಿ ಗೊಣಗುತ್ತಾಳೆ.

"ಆಗ್ಲಿ. ಮಕ್ಕಳಿಗೆ ನಿದ್ದೆ ಬೇಡ್ವಾ?"

ನಾದಿನಿ ನಗುತ್ತಾ ಆ ಕಟ್ಟನ್ನೂ ಬಿಗಿಯುತ್ತಾಳೆ. ಮುಂದಿನ ತಿಂಗಳು ಅಧಿಕಾರಿಗಳು ನೋಡಲು ಬರುತ್ತಾರಂತೆ. ಅವರಿಂದ ಏನು ಹೇಳಿಸಿಕೊಳ್ಳುವ ಆಸೆ ಎಂದು ಕೇಳಿದರೆ ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಹೊಗಳೋದು ಬೇಡ. ದೋಣಿಯಲ್ಲಿ ನಿಂತು ಸುತ್ತ ನೋಡಿ, 'ನೀನು ಕೊಯ್ದಿದ್ದು ಎಲ್ಲಮ್ಮಾ?' ಅಂತ ಕೇಳ್ಬೇಕು. ನಾನು ತೋರಿಸೋವರೆಗೂ ಅವರಿಗೆ ಗೊತ್ತಾಗಬಾರದು."