ಕೆಳಗಿನ ಕಪಾಟಿನ ರೇಷ್ಮೆ ಎಳೆ

ಅವರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಎಂದೋ ಒಮ್ಮೆ ಕಬ್ಬಿಣದ ಬೀರುವಿನ ಬಾಗಿಲಿಗೆ ಸಿಕ್ಕಿ ಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಉಗುರಿದ್ದ ಜಾಗದಲ್ಲಿ ನುಣ್ಣನೆಯ, ಸ್ವಲ್ಪ ಹೊಳೆಯುವ ಚರ್ಮವಿತ್ತು. ಪುಸ್ತಕದ ಹಾಳೆಯನ್ನು ಅವರು ಆ ಬೆರಳಿನಿಂದಲೇ ತಿರುಗಿಸುತ್ತಿದ್ದರು, ಸದ್ದೇ ಆಗುತ್ತಿರಲಿಲ್ಲ. ನಾನು ಅವರನ್ನು ಮೊದಲ ಸಲ ನೋಡಿದ ದಿನ ಆ ಹೆಬ್ಬೆರಳು ನನ್ನ ಅರ್ಜಿಯ ಮೇಲೆ, ಸಹಿ ಹಾಕಬೇಕಾದ ಖಾಲಿ ಜಾಗದಲ್ಲೇ ಹೋಗಿ ಕೂತಿತು. ಎಷ್ಟು ಹೊತ್ತಾದರೂ ಎತ್ತಲಿಲ್ಲ.

ಮೊಳಕಾಲ್ಮೂರಿನಲ್ಲಿ ನೇಕಾರರ ಮನೆಗಳ ಪಕ್ಕದಲ್ಲಿದ್ದ ಹಳೆಯ ಗ್ರಂಥಾಲಯವೊಂದರ ಗ್ರಂಥಪಾಲಕಿ ಅವರು. ಊರಿಗೆಲ್ಲ ಲೈಬ್ರರಿ ಮೇಡಂ. ನನಗೂ ಕೊನೆಯವರೆಗೆ ಮೇಡಂ ಆಗಿಯೇ ಉಳಿದರು.

ನಾನಾಗ ಗ್ರಂಥಾಲಯ ವಿಜ್ಞಾನದ ಕೊನೆಯ ವರ್ಷದಲ್ಲಿದ್ದೆ. ಒಂದು ತಿಂಗಳು ಯಾವುದಾದರೂ ಗ್ರಂಥಾಲಯದಲ್ಲಿ ಇಂಟರ್ನ್‌ಶಿಪ್ ಮಾಡಬೇಕು, ಅಲ್ಲಿನ ಗ್ರಂಥಪಾಲಕರು ಮಾರ್ಗದರ್ಶಕರಾಗಲು ಒಪ್ಪಿ ಸಹಿ ಹಾಕಬೇಕು ಎಂಬುದು ನಿಯಮ. ಸಹಿ ಇರುವ ಅರ್ಜಿ ಗುರುವಾರ ಮಧ್ಯಾಹ್ನದೊಳಗೆ ನಮ್ಮ ವಿಭಾಗದ ಕಚೇರಿಗೆ ತಲುಪಬೇಕಿತ್ತು. ನಾನು ಮೇಡಂ ಮುಂದೆ ಹೋಗಿ ನಿಂತದ್ದು ಮಂಗಳವಾರ ಬೆಳಗ್ಗೆ.

ಅಷ್ಟು ತಡವಾಗಿದ್ದಕ್ಕೆ ನನ್ನ ಜಂಬವೇ ಕಾರಣ. ನಮ್ಮೂರು ದೊಡ್ಡಉಳ್ಳಾರ್ತಿ. ಮಾಳಿಗೆ ಹತ್ತಿ ನಿಂತರೆ ಕುರಿ ಮೇಯುವ ಕಾವಲಿನ ಆಚೆ ಸಂಶೋಧನಾ ಸಂಸ್ಥೆಗಳ ಉದ್ದನೆಯ ಕಾಂಪೌಂಡು ಕಾಣುತ್ತದೆ. ಅದರೊಳಗಿನ ಲೈಬ್ರರಿಯಲ್ಲಿ ಕೂರುವ ಕನಸು ಕಟ್ಟಿಕೊಂಡು ಎರಡು ವಾರ ಗೇಟಿನ ಹತ್ತಿರ ಅಲೆದೆ. ಗೇಟಿನವನು ಪ್ರತಿಸಲವೂ ಬಹಳ ಮರ್ಯಾದೆಯಿಂದ, ಬೆಂಗಳೂರಿನಿಂದ ಅನುಮತಿ ತರಬೇಕು ಎನ್ನುತ್ತಿದ್ದ. ಆಮೇಲೆ ಚಳ್ಳಕೆರೆಯ ಕಾಲೇಜೊಂದಕ್ಕೆ ಹೋದರೆ ಅಲ್ಲಿ ಗ್ರಂಥಪಾಲಕರ ಹುದ್ದೆಯೇ ಖಾಲಿ. ಬೀಗದ ಕೈ ಇಟ್ಟುಕೊಂಡಿದ್ದ ಗುಮಾಸ್ತರ ಸಹಿ ನಮ್ಮ ವಿಭಾಗಕ್ಕೆ ನಡೆಯುವುದಿಲ್ಲ. ಗೂಡ್ಸ್ ಆಟೋ ಓಡಿಸುವ ನನ್ನ ಅಣ್ಣ, ಈ ವರ್ಷ ಓದು ಮುಗಿಯದಿದ್ದರೆ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿಸುತ್ತೇನೆ ಎಂದು ಹೇಳಿಬಿಟ್ಟಿದ್ದ. ಅವನು ಕೆಟ್ಟವನಲ್ಲ. ಆದರೆ ಹೇಳಿದ್ದನ್ನು ಮಾಡುವವನು.

ಮೇಡಂ ನನ್ನ ಅರ್ಜಿಯನ್ನು ಎರಡು ಸಲ ಓದಿದರು. ನಾನು ಅಂಕಪಟ್ಟಿಯನ್ನೂ ಮುಂದಿಟ್ಟೆ. ವರ್ಗೀಕರಣದ ಪತ್ರಿಕೆಯಲ್ಲಿ ಇಡೀ ತರಗತಿಗೇ ನಾನು ಮೊದಲು ಎಂಬುದನ್ನೂ ಬಾಯಿಬಿಟ್ಟು ಹೇಳಿದೆ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಸಂಜೆ ನೋಡಾಣ. ಅಲ್ಲೀತನಕ ಬರೋರನ್ನ ನೋಡ್ತಾ ಕುಂತ್ಕ. ಏನೂ ಮಾಡ್ಬೇಡ" ಎಂದರು. ಆಮೇಲೆ ಯಾವುದೋ ಫೈಲು ಹಿಡಿದು ತಾಲ್ಲೂಕು ಕಚೇರಿಗೆ ಹೊರಟುಹೋದರು.

ಏನೂ ಮಾಡದೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಒಂದು ಗಂಟೆ ಹೇಗೋ ಕೂತೆ. ಪೇಪರ್ ಓದುವವರು ಇಬ್ಬರು ಬಂದು ಹೋದರು. ಕಿಟಕಿಯ ಕೆಳಗೆ ಒಂದು ಗಿಡ್ಡ ಕಪಾಟಿತ್ತು, ಮೂವತ್ತು ನಲವತ್ತು ಪುಸ್ತಕಗಳದ್ದು. ಉಳಿದ ಕಪಾಟುಗಳೆಲ್ಲ ಒಪ್ಪವಾಗಿದ್ದರೆ ಇದೊಂದು ಮಾತ್ರ ಸಂತೆ. ತೆಲುಗು ಕಾದಂಬರಿಯ ಪಕ್ಕದಲ್ಲಿ ಕುರಿ ಸಾಕಣೆಯ ಕೈಪಿಡಿ, ಅದರ ಪಕ್ಕದಲ್ಲಿ ಮಕ್ಕಳ ಕಥೆ, ಅದಕ್ಕೆ ಒತ್ತಿಕೊಂಡು ಪೊಲೀಸ್ ಪರೀಕ್ಷೆಯ ಗೈಡು. ಬೆನ್ನಿನ ಮೇಲಿನ ಸಂಖ್ಯೆಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ನಿಂತಿದ್ದವು. ಮೇಡಂ ವಾಪಸ್ ಬರುವುದರೊಳಗೆ ಇದನ್ನು ಸರಿಮಾಡಿದರೆ ಸಹಿ ಗ್ಯಾರಂಟಿ ಎಂದು ನನ್ನ ತಲೆಗೆ ಹೊಳೆಯಿತು.

ಎಲ್ಲವನ್ನೂ ಕೆಳಗಿಳಿಸಿದೆ. ಕೆಲವು ಪುಸ್ತಕಗಳ ಹಾಳೆಗಳ ನಡುವೆ ಗೇಣುದ್ದದ ರೇಷ್ಮೆ ಎಳೆಗಳು ಸಿಕ್ಕಿಕೊಂಡಿದ್ದವು, ಕೆಂಪು, ಅರಿಶಿನ, ಗಿಳಿಹಸಿರು, ನೇರಳೆ. ನೇಕಾರರ ಬೀದಿಯಲ್ಲವೇ, ಓದಲು ಬಂದವರ ಬಟ್ಟೆಗೆ ಅಂಟಿ ಬಂದ ಕಸ ಎಂದುಕೊಂಡೆ. ಒಂದೊಂದು ಪುಸ್ತಕವನ್ನೂ ಕೊಡವಿ, ಎಳೆಗಳನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದೆ. ಕಪಾಟು ಒರೆಸಿ, ಸಂಖ್ಯೆಯ ಪ್ರಕಾರ ಜೋಡಿಸಿ, ಕೈ ತೊಳೆದುಕೊಂಡು ಹೊಗಳಿಕೆಗೆ ಕಾಯುತ್ತಾ ಕೂತೆ.

ಎರಡು ಗಂಟೆಗೆ ಮೇಡಂ ಬಂದರು. ಮೇಜಿನ ಕಡೆ ಹೋಗುತ್ತಿದ್ದವರು ಕಪಾಟಿನ ಮುಂದೆ ನಿಂತುಬಿಟ್ಟರು. ಆ ಉಗುರಿಲ್ಲದ ಹೆಬ್ಬೆರಳು ಪುಸ್ತಕಗಳ ಬೆನ್ನ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು. ನನ್ನನ್ನು ನೋಡಲಿಲ್ಲ. ನೇರ ಕಸದ ಬುಟ್ಟಿಗೆ ಬಗ್ಗಿ, ಎಳೆಗಳ ಮುದ್ದೆಯನ್ನು ಎತ್ತಿಕೊಂಡು, ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿ ಹರಡಿದರು. ಹನ್ನೊಂದು ಎಳೆ.

ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಮೆಲ್ಲನೆ ವಿವರಿಸಿದರು. ಇಲ್ಲಿನ ಮನೆಗಳಲ್ಲಿ ಮಗ್ಗ ಕೂತ ಮೇಲೆ ಮನುಷ್ಯರಿಗೇ ಜಾಗ ಸಾಲದು, ಪುಸ್ತಕವನ್ನು ಇಡುವುದೆಲ್ಲಿ? ಹಾಗಾಗಿ ಕೆಲಸದ ನಡುವೆ ಬಿಡುವಾದಾಗ ಇಲ್ಲಿಗೇ ಬಂದು ನಾಲ್ಕು ಪುಟ ಓದುತ್ತಾರೆ. ನಿಲ್ಲಿಸಿದ ಕಡೆ ತಮ್ಮ ಮಗ್ಗದ ಒಂದು ಎಳೆ ಇಟ್ಟು, ಪುಸ್ತಕವನ್ನು ಈ ಗಿಡ್ಡ ಕಪಾಟಿನಲ್ಲಿ ತಮ್ಮ ತಮ್ಮ ಜಾಗಕ್ಕೆ ಸೇರಿಸಿ ಹೋಗುತ್ತಾರೆ. ಬಣ್ಣ ನೋಡಿದರೆ ಯಾರ ಪುಸ್ತಕ ಎಂದು ಎಲ್ಲರಿಗೂ ಗೊತ್ತು. ಬೇರೆಯವರು ಮುಟ್ಟುವುದಿಲ್ಲ.

"ಅವ್ರಿನ್ನೂ ಓದ್ತಿದ್ರು ಕಣವ್ವ" ಎಂದರು ಕೊನೆಗೆ.

ನನ್ನ ಅರ್ಜಿಯನ್ನು ಎತ್ತಿ ಡ್ರಾಯರ್‌ನೊಳಗೆ ಹಾಕಿ ಮುಚ್ಚಿದರು. ಬಂದವರಿಗೆಲ್ಲ ಏನು ಹೇಳುವುದು ಎಂದು ಕೇಳಿದೆ. ಮೇಡಂ ಹೇಳಿಬಿಡುತ್ತಾರೆ, ನಾನು ಹಿಂದೆ ನಿಂತಿದ್ದರಾಯಿತು ಎಂಬ ಆಸೆಯಿತ್ತು. "ನಾನ್ ಹೇಳಲ್ಲ. ನೀನೇ ಹೇಳು" ಎಂದರು.

ನಿಜ ಹೇಳಬೇಕೆಂದರೆ ಆಗ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಒಂದು ಚೀಟಿ ಅಂಟಿಸಿಡಲು ಇವರಿಗೇನಾಗಿತ್ತು? ಏನೂ ಮಾಡಬೇಡ ಎಂದದ್ದು ಇದಕ್ಕೇ ಎಂದು ಬೆಳಗ್ಗೆಯೇ ಹೇಳಬಹುದಿತ್ತಲ್ಲ? ಬಾಗಿಲ ಕಡೆ ಮುಖ ಮಾಡಿ ಕುರ್ಚಿ ಹಾಕಿಕೊಂಡು, ತಪ್ಪಿತಸ್ಥಳ ಹಾಗೆ ಕೂತೆ. ಹಾಗೆಂದರೆ ಏನು, ತಪ್ಪಿತಸ್ಥಳೇ ಆಗಿದ್ದೆ.

ನಾಲ್ಕು ಗಂಟೆಯ ಮೇಲೆ ಒಬ್ಬೊಬ್ಬರೇ ಬರತೊಡಗಿದರು. ಮೇಡಂ ತಲೆ ಎತ್ತದೆ, ಚಪ್ಪಲಿಯ ಸದ್ದಿನಲ್ಲೇ ಗುರುತು ಹಿಡಿದು, ಒಬ್ಬರಿಗೆ ಕನ್ನಡ, ಒಬ್ಬರಿಗೆ ತೆಲುಗು, ಬಸ್‌ಸ್ಟ್ಯಾಂಡಿನ ಹಣ್ಣಿನಂಗಡಿಯವರಿಗೆ ಉರ್ದುವಿನಲ್ಲಿ ಬನ್ನಿ ಎನ್ನುತ್ತಿದ್ದರು. ಅಷ್ಟೇ. ಉಳಿದದ್ದು ನನ್ನ ಪಾಲಿಗೆ. ಮೊದಲು ಬಂದ ಹೆಂಗಸು ಕಪಾಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಡಕಾಡಿ, "ನಾ ದಾರಂ ಏದಮ್ಮಾ?" ಎಂದು ನನ್ನನ್ನೇ ಕೇಳಿದಳು. ದಾರ ನಾನೇ ಬಿಸಾಕಿದೆ ಎಂದು ಹೇಳಿದೆ. ಅವಳು ನಕ್ಕುಬಿಟ್ಟಳು. ಅತ್ತೆ ಮನೆ ಬಿಟ್ಟು ಹೋಗುವ ಪುಟದಲ್ಲಿದ್ದೆ, ಅದನ್ನು ಮರೆಯುವುದುಂಟೇ ಎಂದು ಕ್ಷಣದಲ್ಲಿ ಹುಡುಕಿಕೊಂಡಳು. ಪೊಲೀಸ್ ಪರೀಕ್ಷೆಗೆ ಓದುತ್ತಿದ್ದವನು ಮಾತ್ರ, ಓದಿದವರೇ ಹೀಗೆ ಮಾಡಿದರೆ ಹೇಗೆ ಎಂದು ಎಲ್ಲರೆದುರು ಕೇಳಿದ. ಹೆಚ್ಚಿನವರು ಹೇಗೋ ಸುಧಾರಿಸಿಕೊಂಡರು.

ಕೊನೆಗೆ ಬಂದವರು ಒಬ್ಬ ಮುದುಕರು. ಜೀವಮಾನವೆಲ್ಲ ಮಗ್ಗದಲ್ಲಿ ಕೂತು ಬೆನ್ನು ಬಾಗಿತ್ತು. ಅವರಿಗೆ ಅಕ್ಷರ ಬಂದದ್ದೇ ಅರವತ್ತು ದಾಟಿದ ಮೇಲೆ, ಕಲಿಸಿದವರು ಮೇಡಂ ಎಂದು ಆಮೇಲೆ ತಿಳಿಯಿತು. ಒಂದು ದಪ್ಪ ಕಥೆ ಪುಸ್ತಕವನ್ನು ಐದು ತಿಂಗಳಿನಿಂದ ಓದುತ್ತಿದ್ದರು, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ದಿನಕ್ಕೆ ಒಂದು ಪುಟ, ಒಮ್ಮೊಮ್ಮೆ ಅರ್ಧ. ನೇರಳೆ ಎಳೆ ಅವರದ್ದು. ನಾನು ವಿಷಯ ಹೇಳಿದ ಮೇಲೆ ಪುಸ್ತಕ ಬಿಚ್ಚಿ ಹಾಳೆ ತಿರುಗಿಸಿದರು. ಮತ್ತೆ ತಿರುಗಿಸಿದರು. ಅವರ ಕಣ್ಣಿಗೆ ಎಲ್ಲ ಪುಟವೂ ಒಂದೇ. ಅರ್ಧ ಗಂಟೆ ಹಾಗೇ ಕಳೆಯಿತು.

"ಹೋಗ್ಲಿ ಬಿಡವ್ವ. ಮೊದ್ಲಿಂದ ಓದ್ತೀನಿ" ಎಂದು ಪುಸ್ತಕವನ್ನು ಅದರ ಜಾಗಕ್ಕೆ ಸೇರಿಸಿ ಎದ್ದುಹೋದರು.

ನಾನು ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ಅತ್ತೆ. ಸಹಿಗಾಗಿ ಅಲ್ಲ, ಆ ದಿನ ಅದೇ ಮೊದಲ ಸಲ ನನಗೆ ಸಹಿಯ ನೆನಪೇ ಬರಲಿಲ್ಲ. ಐದು ತಿಂಗಳನ್ನು ನಾನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿದ್ದೆ. ಮುಚ್ಚುವ ಹೊತ್ತಿಗೆ ಮೇಡಂ, ನಾಳೆ ಬಾ ಎಂದಷ್ಟೇ ಹೇಳಿದರು. ಬಸ್ಸಿನಲ್ಲಿದ್ದಾಗ ಅಣ್ಣ ಫೋನ್ ಮಾಡಿ ಸಹಿ ಆಯಿತಾ ಎಂದು ಕೇಳಿದ. ಆಯಿತು ಎಂದು ಸುಳ್ಳು ಹೇಳಿದೆ.

ಬುಧವಾರ ಮೊದಲ ಬಸ್ಸಿಗೇ ಬಂದು ಬಾಗಿಲು ತೆಗೆಯುವುದನ್ನು ಕಾದೆ. ಮುದುಕರ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲ ಹಾಳೆಯಿಂದ ನೋಡುತ್ತಾ ಹೋದೆ. ಏನು ಹುಡುಕುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಒಂಬತ್ತನೇ ಪುಟದಲ್ಲಿ, ಹೊಲಿಗೆಯ ಹತ್ತಿರ, ಕೂದಲಿನಷ್ಟು ತೆಳ್ಳನೆಯ ನೇರಳೆ ಗೆರೆ ಕಂಡಿತು. ಬೆವರಿದ ಕೈಯಲ್ಲಿ ಹಿಡಿದು ಬಂದ ಎಳೆ ರಾತ್ರಿಯೆಲ್ಲ ಹಾಳೆಗೊತ್ತಿ ಬಣ್ಣ ಬಿಟ್ಟಿತ್ತು. ಹತ್ತನೇ ಪುಟದಲ್ಲಿ ಇನ್ನೊಂದು. ಹನ್ನೆರಡರಲ್ಲಿ ಮತ್ತೊಂದು. ಆಮೇಲೆ ಕೆಲವು ಕಡೆ ಸ್ಪಷ್ಟವಾಗಿ, ಕೆಲವು ಕಡೆ ಇದೆಯೋ ಇಲ್ಲವೋ ಎಂಬಂತೆ, ಆ ಮುದುಕರು ಒಂದೊಂದು ದಿನ ನಿಂತ ಜಾಗವೆಲ್ಲ ಸಿಗುತ್ತಾ ಹೋಯಿತು. ನೂರಾ ಮೂವತ್ತೊಂದನೇ ಪುಟದಲ್ಲಿ ಸಣ್ಣದೊಂದು ಗೆರೆ. ಅಲ್ಲಿಂದ ಮುಂದೆ ಎಲ್ಲ ಹಾಳೆಯೂ ಶುಭ್ರ. ಮೂರು ಸಲ ನೋಡಿದೆ. ಇಷ್ಟು ಮಾಡುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಮೇಡಂ ಬಂದು ಆ ಗೆರೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ತಮ್ಮ ಡಬ್ಬಿಯಿಂದ ಒಂದು ರೊಟ್ಟಿ, ಸ್ವಲ್ಪ ಕಡಲೆಕಾಯಿ ಚಟ್ನಿ ನನ್ನ ಮುಂದಿಟ್ಟು, "ಉಣ್ಣು" ಎಂದರು.

ಮುದುಕರು ನಾಲ್ಕಕ್ಕೆ ಬರಲಿಲ್ಲ. ಐದಕ್ಕೂ ಬರಲಿಲ್ಲ. ನಿನ್ನೆಯೇ ಬೇಸರವಾಗಿ ಓದುವುದನ್ನೇ ಬಿಟ್ಟರೋ ಏನೋ ಎಂದು ಬಾಗಿಲಿಗೂ ಕುರ್ಚಿಗೂ ನಾಲ್ಕು ಸಲ ಓಡಾಡಿದೆ. ಡ್ರಾಯರ್ ಮುಚ್ಚಿಯೇ ಇತ್ತು. ಅರ್ಜಿಗೆ ನಾಳೆ ಮಧ್ಯಾಹ್ನವೇ ಕೊನೆ ಎಂದು ಮೇಡಂಗೆ ಮೆಲ್ಲನೆ ನೆನಪಿಸಿದೆ. "ಗೊತ್ತೈತೆ" ಎಂದರು. ಮುದುಕರ ಮನೆ ತೋರಿಸಿದರೆ ನಾನೇ ಪುಸ್ತಕ ಒಯ್ಯುತ್ತೇನೆ ಎಂದೆ. "ಮಗ್ಗದ ಮೇಲಿರೋರ್ನ ಎಬ್ಬಿಸ್ಬಾರ್ದು. ಬರ್ತಾರೆ, ಕುಂತ್ಕ." ಅವರಿಗೆ ಎಲ್ಲದಕ್ಕೂ ಕುಂತ್ಕ ಎನ್ನುವುದೊಂದೇ ಮದ್ದು. ನನಗೆ ಮೈಯೆಲ್ಲ ಉರಿಯಿತು, ಆದರೂ ಕೂತೆ.

ಆರೂಕಾಲಿಗೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಮೇಡಂ ತಲೆ ಎತ್ತಲಿಲ್ಲ, ಆದರೆ ಪೆನ್ನು ಕೆಳಗಿಟ್ಟರು. ನಾನು ಪುಸ್ತಕವನ್ನು ನೂರಾ ಮೂವತ್ತೊಂದಕ್ಕೆ ಬಿಚ್ಚಿ ಮುದುಕರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು ಶುರುಮಾಡಿದರು. ಅಷ್ಟು ನಿಧಾನವಾಗಿ ಯಾರಾದರೂ ಓದುವುದನ್ನು ಅಷ್ಟು ಗಮನವಿಟ್ಟು ನಾನು ಅದಕ್ಕೆ ಮೊದಲು ಕೇಳಿದ್ದಿಲ್ಲ.

"ಇದು ಓದೀನಿ" ಎಂದರು. ಬೆರಳು ಕೆಳಗಿಳಿಯಿತು. "ಇದೂ ಓದೀನಿ." ಹಾಳೆಯ ಕೊನೆಯ ಪ್ಯಾರಾಕ್ಕೆ ಬಂದಾಗ ಬೆರಳು ನಿಂತಿತು. ತುಟಿ ಎರಡು ಸಲ ಅಲ್ಲಾಡಿತು. "ಇದು ಓದಿಲ್ಲ."

ಆ ದಿನದ ಪಾಲು ಓದಿ ಮುಗಿಸಿ, ಜೇಬಿನಿಂದ ಹೊಸ ನೇರಳೆ ಎಳೆಯೊಂದನ್ನು ತೆಗೆದು ನನ್ನ ಕೈಗೆ ಕೊಟ್ಟರು. "ನೀನೇ ಇಡವ್ವ" ಎಂದರು. ಅವರು ಬೆರಳಿಟ್ಟು ತೋರಿಸಿದ ಕಡೆ ಇಟ್ಟು ಪುಸ್ತಕ ಮುಚ್ಚಿದೆ.

ಅವರು ಹೋದ ಮೇಲೆ ಮೇಡಂ ಡ್ರಾಯರ್ ಎಳೆದು ಅರ್ಜಿ ತೆಗೆದರು. ಮತ್ತೆ ಮೊದಲಿನಿಂದ ಓದಿದರು, ನನ್ನ ಜೀವ ಹಿಂಡುವಂತೆ. ಇದ್ದಕ್ಕಿದ್ದಂತೆ ಒಂದು ಕಡೆ ಅಡ್ಡಗೆರೆ ಎಳೆದರು. ಎಲ್ಲ ಮುಗಿಯಿತು ಎಂದುಕೊಂಡೆ. ಬಗ್ಗಿ ನೋಡಿದರೆ, ಇಂಟರ್ನ್‌ಶಿಪ್ ಶುರುವಾಗುವ ದಿನ ಎಂಬಲ್ಲಿ ನಾನು ಮುಂದಿನ ತಿಂಗಳ ಒಂದನೇ ತಾರೀಕು ಬರೆದಿದ್ದೆ. ಅದನ್ನು ಹೊಡೆದು ಹಾಕಿ ಹಿಂದಿನ ದಿನದ, ಮಂಗಳವಾರದ ತಾರೀಕು ಬರೆಯುತ್ತಿದ್ದರು.

"ಕೆಲ್ಸ ನಿನ್ನೆಯಿಂದ್ಲೇ ಶುರುವಾಗೈತಲ್ಲ. ಸುಳ್ಳು ಯಾಕೆ ಬರೀಬೇಕು?" ಎಂದು ಸಹಿ ಹಾಕಿದರು.

ಆ ಒಂದು ತಿಂಗಳು ಅವರು ನನಗೆ ಕೂರಿಸಿ ಪಾಠ ಹೇಳಲಿಲ್ಲ. ಬೈದದ್ದೇ ಹೆಚ್ಚು. ನಿವೃತ್ತರಾದ ಮೇಲೆ ಅವರು ಚಳ್ಳಕೆರೆಯಲ್ಲಿ ತಂಗಿಯ ಮನೆ ಸೇರಿದರು. ಅಷ್ಟರಲ್ಲಿ ನಾನು ಅದೇ ಊರಿನ ಗ್ರಂಥಾಲಯವೊಂದರಲ್ಲಿ ಕೆಲಸಕ್ಕಿದ್ದೆ. ಕಿಟಕಿಯ ಕೆಳಗೆ ಒಂದು ಗಿಡ್ಡ ಕಪಾಟು ನನ್ನಲ್ಲೂ ಇದೆ. ಇಲ್ಲಿ ಮಗ್ಗಗಳಿಲ್ಲ, ಓದುಗರು ಬಸ್ ಟಿಕೆಟ್ಟು, ಬೇವಿನೆಲೆ, ಕಾವಲಿನ ಹುಲ್ಲುಕಡ್ಡಿ ಇಟ್ಟು ಹೋಗುತ್ತಾರೆ. ಮೇಡಂ ದಿನಾ ಹತ್ತು ಗಂಟೆಗೆ ಬಂದು, ನನ್ನ ಕಡೆ ನೋಡದೆ, ಕಿಟಕಿಯ ಹತ್ತಿರ ಕೂತು ಓದುತ್ತಿದ್ದರು. ಅವರದ್ದು ಮಾತ್ರ ಅರಿಶಿನ ಬಣ್ಣದ ರೇಷ್ಮೆ ಎಳೆ. ಮೊಳಕಾಲ್ಮೂರಿನಿಂದ ಬರುವಾಗ ಯಾರೋ ಸುತ್ತಿದ ರೇಷ್ಮೆ ನೂಲಿನ ಒಂದು ಲಡಿಯನ್ನೇ ಕೊಟ್ಟಿದ್ದರಂತೆ.

ಹೋದ ಬೇಸಿಗೆಯಲ್ಲಿ ಒಂದು ದಿನ ಹತ್ತು ಗಂಟೆಗೆ ಅವರು ಬರಲಿಲ್ಲ. ಬೆಳಗಿನ ಜಾವವೇ ಹೋಗಿಬಿಟ್ಟಿದ್ದರು. ನಾನು ಹೋದಾಗ ಆ ಹೆಬ್ಬೆರಳನ್ನು ಇನ್ನೊಂದು ಹೆಬ್ಬೆರಳಿಗೆ ಸೇರಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿದ್ದರು. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಮೇಡಂ ಓದುತ್ತಿದ್ದ ಪುಸ್ತಕವನ್ನು ಮೊನ್ನೆ ಶಾಲೆಯ ಮೇಷ್ಟ್ರೊಬ್ಬರು ಕೇಳಿಕೊಂಡು ಬಂದರು. ಕಿಟಕಿಯ ಕೆಳಗಿನ ಕಪಾಟಿನಿಂದ ತೆಗೆದು ಕೊಟ್ಟೆ. ಮೇಷ್ಟ್ರು ಅಲ್ಲೇ ಬಿಚ್ಚಿ, ನಡುವೆ ಇದ್ದ ಅರಿಶಿನ ಎಳೆಯನ್ನು ಎರಡು ಬೆರಳಲ್ಲಿ ಎಳೆಯಲು ಹೋದರು.

"ಅದು ಇರ್ಲಿ ಸಾರ್" ಎಂದೆ. "ನಿಮ್ದು ಬೇರೆ ಇಟ್ಕಳ್ರಿ. ಅವ್ರಿನ್ನೂ ಓದ್ತಿದಾರೆ."