ಮಿಸ್ಡ್ ಕಾಲ್ ಬಂದರೆ ಕ್ಷೇಮ

ಒಂಟಿಯಾಗಿ ದುಡಿಯುವವನ ಜೀವ ಕಾಯಲು ನಮ್ಮ ಕಂಟ್ರಾಕ್ಟರು ಕಂಡುಹಿಡಿದ ಉಪಾಯವೆಂದರೆ ಒಂದು ಮಿಸ್ಡ್ ಕಾಲ್. ನಾನು ಕುಡಿಯುವ ನೀರಿನ ಪೈಪಿನ ವಾಲ್ವ್ ತಿರುಗಿಸುವವನು. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು, ನಿಲ್ಲಿಸುವುದು ನಮ್ಮ ಕೆಲಸ. ಒಬ್ಬೊಬ್ಬನದು ಒಂದೊಂದು ದಿಕ್ಕು. ಹಿಂದೊಮ್ಮೆ ಒಬ್ಬ ಟ್ಯಾಂಕಿನ ಏಣಿಯಿಂದ ಬಿದ್ದು, ಮಾರನೆಯ ದಿನದವರೆಗೂ ಯಾರಿಗೂ ಗೊತ್ತಾಗದೆ ನರಳಿದ್ದ. ಆಮೇಲೆ ಈ ಕಾನೂನು ಬಂತು. ಬೆಳಿಗ್ಗೆ, ಊಟದ ಹೊತ್ತಿಗೆ, ಸಂಜೆ ಮದ್ದೂರಿನ ಆಫೀಸಿಗೆ ಒಂದೊಂದು ರಿಂಗ್ ಕೊಡಬೇಕು. ಅಲ್ಲಿ ಕೂತಿರುವ ಅಕ್ಕ ಫೋನ್ ಎತ್ತುವುದಿಲ್ಲ, ಕಟ್ ಮಾಡುತ್ತಾರೆ. ರಿಂಗ್ ಬಂದರೆ ಇವನು ಕ್ಷೇಮ, ಬರದಿದ್ದರೆ ಹುಡುಕಿಸಬೇಕು. ಎಲ್ಲರ ಫೋನನ್ನೂ ಎತ್ತಿ ಮಾತಾಡುತ್ತಾ ಕೂತರೆ ಅವರ ಮಿಕ್ಕ ಕೆಲಸ ಮಾಡುವವರು ಯಾರು? ನಮಗೂ ಅದು ಸರಿ ಅನ್ನಿಸಿತ್ತು.

ಇದಕ್ಕೆಂದೇ ನಮಗೆಲ್ಲ ಒಂದೊಂದು ಚಿಕ್ಕ ಫೋನ್ ಸೆಟ್ಟು ಕೊಟ್ಟಿದ್ದರು. ನನ್ನದು ನೀರು ಕುಡಿದು ಕುಡಿದು ನಂಬರಿನ ಬಟನ್ನುಗಳೆಲ್ಲ ಸತ್ತುಹೋಗಿದ್ದವು. ಹಸಿರು ಬಟನ್ ಒಂದೇ ಜೀವಂತ. ಅದನ್ನು ಎರಡು ಸಲ ಒತ್ತಿದರೆ ಕೊನೆಯ ನಂಬರಿಗೆ ಹೋಗುತ್ತಿತ್ತು, ಕೊನೆಯ ನಂಬರು ಯಾವತ್ತೂ ಆಫೀಸಿನದೇ. ಜೇಬಿನಲ್ಲಿ ಅದುಮಿಕೊಂಡು ತಾನಾಗೇ ಫೋನ್ ಹೋಗುವುದೂ ಇತ್ತು. ಬೇರೆ ಸೆಟ್ಟು ಕೊಡಿ ಎಂದು ಕೇಳಿದ್ದೆ. ರಿಂಗ್ ಹೋಗುತ್ತಲ್ಲ, ಸಾಕು ಅಂದಿದ್ದರು.

ಪೂರಿಗಾಲಿಗೆ ಹೋಗುವ ನೀರಿನ ವಾಲ್ವ್ ಊರಾಚೆ ಕಬ್ಬಿನ ಗದ್ದೆಯ ಒಳಗೆ, ಆಳುದ್ದಕ್ಕಿಂತ ಆಳವಾದ ಗುಂಡಿಯಲ್ಲಿದೆ. ಆ ದಿನ ಊಟದ ಹೊತ್ತಿಗೆ ಮುಂಚೆ ಅಲ್ಲಿಗೆ ಇಳಿದು ನೀರು ಬಿಟ್ಟೆ. ನನ್ನ ಸ್ವಂತ ಫೋನು ಮೇಲೆ ಬೈಕಿನ ಬ್ಯಾಗಿನಲ್ಲಿತ್ತು. ಹತ್ತಿ ಬರುವಾಗ ಗೋಡೆಗೆ ಹೂತಿದ್ದ ಕಬ್ಬಿಣದ ಮೆಟ್ಟಿಲು ತುಕ್ಕು ಹಿಡಿದದ್ದು ಕಿತ್ತುಕೊಂಡು ಕೈಗೆ ಬಂತು. ಬಿದ್ದೆ. ಪೈಪಿನ ಮೇಲೆ ಬಿದ್ದ ಕಾಲು ಮೊಣಕಾಲಿನ ಕೆಳಗೆ ಮುರಿಯಿತು. ಆ ಸದ್ದು ನನಗೇ ಕೇಳಿಸಿತು.

ಕೂಗಿದೆ. ತಲೆಯ ಮೇಲೆ ಒಂದು ಚೌಕ ಆಕಾಶ, ಸುತ್ತ ಕಬ್ಬು. ಯಾರು ಕೇಳಿಸಿಕೊಳ್ಳಬೇಕು? ಜೇಬಿನ ಸೆಟ್ಟು ತೆಗೆದು ಒತ್ತಿದೆ. ರಿಂಗ್ ಆಯಿತು, ಕಟ್ ಆಯಿತು. ಮತ್ತೆ ಒತ್ತಿದೆ, ಮತ್ತೆ ಕಟ್. ‘ಎತ್ತಕ್ಕಾ, ಒಂದ್ಸಲ ಎತ್ತಕ್ಕಾ’ ಎಂದು ಸೆಟ್ಟಿಗೆ ಬೇಡಿಕೊಂಡೆ, ಆಮೇಲೆ ಬಾಯಿಗೆ ಬಂದಂತೆ ಬೈದೆ. ಎಷ್ಟು ಸಲ ಒತ್ತಿದೆನೋ. ನಾನು ಸಾಯುತ್ತಿದ್ದೇನೆ ಎಂದು ಹೇಳಲು ಹೋದಷ್ಟು ಸಲವೂ ಚೆನ್ನಾಗಿದ್ದೇನೆ ಎಂಬ ಸುದ್ದಿಯೇ ಮದ್ದೂರು ಮುಟ್ಟುತ್ತಿತ್ತು. ಅದು ತಲೆಗೆ ಹೊಳೆದಾಗ ಅತ್ತುಬಿಟ್ಟೆ.

ಆ ವಾಲ್ವಿನ ಚಕ್ರದ ಬುಡದಲ್ಲಿ ಮೊದಲಿಂದಲೂ ನೀರು ಸೋರುತ್ತಿತ್ತು. ಸೋರಿದ ನೀರು ಆಗಲೇ ಸೊಂಟದ ಹತ್ತಿರ ಬಂದಿತ್ತು. ಪೈಪಿನೊಳಗೆ ಪೂರಿಗಾಲಿಯ ನೀರು ಹರಿಯುವ ಸದ್ದು ಬೆನ್ನಿಗೆ ಕೇಳುತ್ತಿತ್ತು. ಅಲ್ಲಿ ಹೆಂಗಸರು ಬಿಂದಿಗೆ ತುಂಬಿಸಿಕೊಳ್ಳುತ್ತಿರುತ್ತಾರೆ. ನಲ್ಲಿಯಲ್ಲಿ ನೀರು ಬರುತ್ತಿರುವವರೆಗೆ ಅವರಿಗೂ ನಾನು ಕ್ಷೇಮವೇ.

ನಿಲ್ಲಿಸಿಬಿಟ್ಟರೆ? ನಿಲ್ಲಿಸಿದರೆ ಕರೆಂಟು ಹೋಯಿತು ಅಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಕರೆಂಟು ಹೋದರೆ ನೀರು ನಿಲ್ಲುತ್ತದೆ, ಜನರನ್ನು ಕೆಣಕುವುದಿಲ್ಲ. ನಾನು ಕೆಣಕಬೇಕಿತ್ತು. ಒಂದು ಬಿಂದಿಗೆ ಅರ್ಧ ತುಂಬುವಷ್ಟು ಬಿಡಬೇಕು, ನಿಲ್ಲಿಸಬೇಕು, ಮತ್ತೆ ಬಿಡಬೇಕು. ಚಕ್ರ ಹಿಡಿದು ತಿರುಗಿಸಿದೆ. ಮುಚ್ಚಿದಷ್ಟೂ ಒತ್ತಡ ಹೆಚ್ಚಿ ಬುಡದಿಂದ ನೀರು ಮುಖಕ್ಕೆ ಚಿಮ್ಮುತ್ತಿತ್ತು, ಗುಂಡಿ ಬೇಗ ತುಂಬುತ್ತಿತ್ತು. ಮುಚ್ಚದಿದ್ದರೆ ನಿಧಾನವಾಗಿ ಮುಳುಗುತ್ತೇನೆ, ಮುಚ್ಚಿದರೆ ಬೇಗ. ಮುರಿದ ಕಾಲನ್ನು ಎಳೆದುಕೊಂಡು ಮುಚ್ಚಿದೆ, ತೆರೆದೆ, ಮುಚ್ಚಿದೆ. ಸೆಟ್ಟು ಕೈಜಾರಿ ನೀರಿಗೆ ಬಿತ್ತು. ಹುಡುಕಲಿಲ್ಲ. ನೀರು ಎದೆಯ ಮಟ್ಟಕ್ಕೆ ಬಂದಾಗ ಹೆಂಡತಿಯ ಹೆಸರು ಹಿಡಿದು ಕೂಗಿದೆ. ಅವಳಿದ್ದದ್ದು ಮಳವಳ್ಳಿಯಲ್ಲಿ.

ಮೊದಲು ಕೇಳಿಸಿದ್ದು ಬೈಗುಳ. ಅಷ್ಟು ಇಂಪಾದ ಬೈಗುಳ ನಾನು ಜನ್ಮದಲ್ಲಿ ಕೇಳಿಲ್ಲ.

‘ಯಾವನ್ಲಾ ಅವ್ನು, ನೀರಲ್ಲಿ ಆಟ ಆಡ್ತಾ ಕುಂತಿರೋನು? ಬಿಂದ್ಗೆ ಮಡಗ್ದೇಟ್ಗೆ ನಿಲ್ಸ್ತಾನಲ್ಲ, ಇವನ ಮನೆ ಆಳಾಗ!’

ಖಾಲಿ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡೇ ಬಂದ ಹೆಂಗಸೊಬ್ಬಳು ಗುಂಡಿಗೆ ಬಗ್ಗಿ ನೋಡಿದಳು. ಬಿಂದಿಗೆ ಕೈಬಿಟ್ಟು ‘ಅಯ್ಯೋ ಸಿವ್ನೇ, ಬನ್ರಪ್ಪೋ!’ ಎಂದು ಊರಿನ ಕಡೆ ತಿರುಗಿ ಕಿರುಚಿದಳು. ಗಂಡಸರು ಓಡಿಬಂದು ಹಗ್ಗ ಬಿಟ್ಟು ನನ್ನನ್ನು ಮೇಲಕ್ಕೆಳೆದರು. ನೋವಿಗೆ ಪ್ರಜ್ಞೆ ತಪ್ಪಿತು.

ಎಚ್ಚರವಾದಾಗ ಮಂಡ್ಯದ ಆಸ್ಪತ್ರೆಯಲ್ಲಿದ್ದೆ, ಪಕ್ಕದಲ್ಲಿ ಹೆಂಡತಿ. ಮಾರನೆಯ ದಿನ ಆಫೀಸಿನ ಅಕ್ಕ ಬಂದರು. ಕಣ್ಣು ಊದಿತ್ತು. ಬಂದವರೇ ನನ್ನ ಕೈ ಹಿಡಿದುಕೊಂಡರು.

‘ಬೆಸಗರಳ್ಳಿ ಕಡೆಯೋನ್ದು ರಿಂಗೇ ಬಂದಿರ್ಲಿಲ್ಲ ಕಣಪ್ಪಾ. ನಂಗೆ ಜೀವವೇ ಹೋದಂಗಾಯ್ತು. ಸಿಕ್ಕಸಿಕ್ಕೋರ್ಗೆಲ್ಲ ಫೋನ್ ಮಾಡ್ದೆ, ಬೈಕ್ನಲ್ಲಿ ಜನ ಅಟ್ಟಿದೆ. ಅವನು ನೋಡುದ್ರೆ ಬೀಗರೂಟ ಉಂಡು ಹೊಂಗೆ ಮರದಡಿ ಮನಗವ್ನೆ. ಅಷ್ಟೊತ್ತೂ ಮಧ್ಯ ಮಧ್ಯ ನೀನ್ ರಿಂಗ್ ಕೊಡ್ತಾನೇ ಇದ್ದೆ. ಜೇಬಲ್ಲಿ ಒತ್ಕಂಡದೆ, ಇವನಾದ್ರೂ ಚೆಂದಾಗವ್ನಲ್ಲ ಅಂತ ಕಟ್ ಮಾಡ್ದೆ. ಲೈನ್ ಬೇಕಿತ್ತಪ್ಪಾ ನಂಗೆ, ಅವನ್ನ ಹುಡುಕೋಕೆ.’

ನನಗೆ ಸಿಟ್ಟು ಬಂತು, ಆದರೆ ಕೇಳಿದವಳು ನನ್ನ ಹೆಂಡತಿ.

‘ಅಂಗಾರೆ ನಮ್ಮೆಜಮಾನ್ರು ಫೋನೇ ಮಾಡ್ದೆ ಸುಮ್ಕೆ ಬಿದ್ದಿದ್ರೆ ಬತ್ತಿದ್ರಾ ನೀವು?’

‘ಬತ್ತಿದ್ದೆ ಕಣವ್ವ’ ಅಂದರು ಅಕ್ಕ, ಅಳುತ್ತಾ. ‘ನಿನ್ನಾಣೆಗೂ ಬತ್ತಿದ್ದೆ.’